ದ್ರವ ಕ್ಸೆನಾನಿನ ಮಾನನಿರ್ಣಯ: ಅಲ್ಪಶಕ್ತಿಯ ಅಳತೆಯ ಚರಿತ್ರೆ

೧

ಮೇಯವಸ್ತುವಿನ ಸಿದ್ಧಿಯು ಮಾನವನ್ನು ಅವಲಂಬಿಸಿರುವುದೆಂಬುದು ಭಾರತೀಯ ತಾರ್ಕಿಕರ ಪ್ರಸಿದ್ಧವಾದ ಮತವು. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವವನು ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯನ್ನು ಅಡುಗೆಮನೆ ಮೊದಲಾದ ಕಡೆಗಳಲ್ಲಿ ಮುಂಚೆಯೇ ಗ್ರಹಿಸಿರಬೇಕು. ಆ ಗ್ರಹಣವಿಲ್ಲದಿದ್ದರೆ ಹೊಗೆಯು ಕಣ್ಣಿಗೆ ಬಿದ್ದರೂ ಲಿಂಗವಾಗಲಾರದು. ಇನ್ನು ‘ಇಲ್ಲ’ ಎಂಬ ಜ್ಞಾನದ ವಿಷಯದಲ್ಲಿ ಭಾಟ್ಟಮೀಮಾಂಸಕರೂ ವೇದಾಂತಿಗಳೂ ಮತ್ತೊಂದು ನಿಯಮವನ್ನು ಹೇಳಿರುವರು. ಕಾಣಲಿಲ್ಲವೆಂಬ ಮಾತ್ರಕ್ಕೆ ವಸ್ತುವು ಇಲ್ಲವೆಂದಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆಯು ಸಿದ್ಧವಾಗಿದ್ದರೆ ಮಾತ್ರ ಅನುಪಲಬ್ಧಿಯು ಪ್ರಮಾಣವಾಗುವುದು. ಹಗಲಿನಲ್ಲಿ ಬರಿಯ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ನಿಶ್ಚಯಿಸುವಂತಿಲ್ಲ.

ಈ ಎರಡು ನಿಯಮಗಳೂ ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಉಳಿದುವಲ್ಲ. ಭೌತಶಾಸ್ತ್ರದ ಅತಿನವೀನವಾದ ಒಂದು ಶಾಖೆಯಲ್ಲಿ ಇವು ಹೆಸರು ಬದಲಾಯಿಸಿಕೊಂಡು ಮತ್ತೆ ವಾದಕ್ಕೆ ಬಂದಿರುವುವು. ವಿಶ್ವದ ದ್ರವ್ಯದಲ್ಲಿ ಬಹುಭಾಗವು ಬೆಳಕನ್ನು ಸೂಸದ, ಬೆಳಕನ್ನು ತಡೆಯದ ಒಂದು ಅಪರಿಚಿತ ವಸ್ತುವೆಂದು ಜ್ಯೋತಿಶ್ಶಾಸ್ತ್ರಜ್ಞರು ನಿರ್ಣಯಿಸಿ ಬಹುಕಾಲವಾಯಿತು. ಅದನ್ನು ಹಿಡಿಯಲು ಬೆಟ್ಟಗಳ ಕೆಳಗೂ ಗಣಿಗಳ ಆಳದಲ್ಲಿಯೂ ದ್ರವ ಕ್ಸೆನಾನಿನ ಪಾತ್ರೆಗಳನ್ನು ಇರಿಸಿ ಕಾದವರು ಇದುವರೆಗೆ ‘ಕಾಣಲಿಲ್ಲ’ ಎಂದೇ ವರದಿಯನ್ನಿತ್ತಿರುವರು. ಈ ‘ಕಾಣಲಿಲ್ಲ’ ಎಂಬುದು ಹಗಲಿನ ಅನುಪಲಬ್ಧಿಯೋ ಕತ್ತಲೆಯ ಅನುಪಲಬ್ಧಿಯೋ ಎಂಬುದೇ ಪ್ರಕೃತ ವಿಚಾರ. ಅದರ ಉತ್ತರವು ಒಂದು ಸಣ್ಣ ಅಳತೆಯ ಮೇಲೆ ನಿಂತಿದೆ. ಆ ಅಳತೆಯ ಚರಿತ್ರೆಯನ್ನು ಕ್ರಮವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶವು.

೨

ಕ್ಸೆನಾನ್ ಎಂಬ ಅನಿಲವನ್ನು ಕ್ರಿ. ಶ. ೧೮೯೮ರಲ್ಲಿ ಲಂಡನ್ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರಾಮ್ಸೆ, ಮೋರಿಸ್ ಟ್ರಾವರ್ಸ್ ಎಂಬ ವಿದ್ವಾಂಸರು ಕಂಡುಹಿಡಿದರು. ಗ್ರೀಕ್ ಭಾಷೆಯಲ್ಲಿ ಪರಕೀಯನೆಂಬ ಅರ್ಥವುಳ್ಳ ಶಬ್ದದಿಂದ ಇದಕ್ಕೆ ಹೆಸರಾಯಿತು. ವಾಯುವಿನ ನೂರು ಕೋಟಿ ಭಾಗಗಳಲ್ಲಿ ಇದರ ಪಾಲು ೮೭ ಮಾತ್ರ. ಪರಮಾಣುಸಂಖ್ಯೆ ೫೪, ಪರಮಾಣುಭಾರ ಸುಮಾರು ೧೩೧. ಸೊನ್ನೆಗಿಂತ ೧೦೮ ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ತಣಿಸಿದರೆ ಇದು ದ್ರವವಾಗುವುದು. ಆ ದ್ರವವು ನೀರಿಗಿಂತ ಸುಮಾರು ಮೂರು ಪಾಲು ಭಾರವಾದುದು. ಮತ್ತಾವ ವಸ್ತುವಿನೊಡನೆಯೂ ಸುಲಭವಾಗಿ ಬೆರೆಯದ ಜಾತಿಗೆ ಸೇರಿದುದರಿಂದ ಇದನ್ನು ಅತ್ಯಂತ ಶುದ್ಧಿಗೆ ತರಬಹುದು.

ಈ ದ್ರವದಲ್ಲಿ ಒಂದು ಕಣವು ಬಂದು ತಾಗಿದರೆ ಮೂರು ಕಾರ್ಯಗಳು ಹುಟ್ಟುವುವು: ಬೆಳಕು, ಬಿಡುಗಡೆಯಾದ ಎಲೆಕ್ಟ್ರಾನುಗಳು ಮತ್ತು ಶಾಖ. ಬೆಳಕಿನ ತರಂಗವು ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೧೭೫ ಭಾಗದಷ್ಟು ಉದ್ದವುಳ್ಳದ್ದು. ಅದು ಮನುಷ್ಯನ ಕಣ್ಣಿಗೆ ಗೋಚರವಲ್ಲದಿದ್ದರೂ ಕ್ಸೆನಾನ್ ತನ್ನ ಬೆಳಕನ್ನು ತಾನೇ ನುಂಗದೆ ಹೊರಕ್ಕೆ ಬಿಡುವುದರಿಂದ ಸೂಕ್ಷ್ಮವಾದ ಫೋಟೋಮಲ್ಟಿಪ್ಲಯರ್ ನಳಿಗೆಗಳಿಗೆ ಸಿಕ್ಕುವುದು. ೧೯೬೮ರಲ್ಲಿ ಅಮೆರಿಕದ ಲೂಯಿ ಆಲ್ವರೆಜ್ ಇಂಥ ದ್ರವಗಳಿಂದ ಕಣಶೋಧಕಗಳನ್ನು ರಚಿಸಬಹುದೆಂದು ಸೂಚಿಸಿದನು. ೧೯೭೦ರಲ್ಲಿ ಮಾಸ್ಕೋವಿನ ದೊಲ್ಗೊಷೆಯಿನ್ ಮತ್ತು ಆತನ ಸಂಗಡಿಗರು ಕೆಳಗೆ ದ್ರವ, ಮೇಲೆ ಅದರದೇ ಅನಿಲ ಎಂಬ ದ್ವ್ಯವಸ್ಥಾ ವಿಧಾನವನ್ನು ಪ್ರತಿಪಾದಿಸಿದರು. ಜಪಾನಿನ ವಾಸೆದಾ ವಿಶ್ವವಿದ್ಯಾಲಯದಲ್ಲಿ ತದಾಯೋಷಿ ದೋಕೆಯೂ ಆತನ ಶಿಷ್ಯವರ್ಗವೂ ಹಲವು ದಶಕಗಳ ಕಾಲ ಈ ದ್ರವದ ಗುಣಗಳನ್ನು ಒಂದೊಂದಾಗಿ ಅಳೆದರು. ಕೀರ್ತಿಯನ್ನು ಬಯಸದ ಈ ಕೆಲಸವೇ ಮುಂದಿನದಕ್ಕೆಲ್ಲ ಅಡಿಗಲ್ಲಾಯಿತು.

ದ್ವ್ಯವಸ್ಥಾಯಂತ್ರದ ಕ್ರಮವು ಹೀಗೆ. ಕಣವು ತಾಗಿದ ಕೂಡಲೆ ಒಂದು ಮಿನುಗು ಏಳುವುದು. ಇದು ಮೊದಲನೆಯ ಸಂಕೇತ. ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ವಿದ್ಯುತ್‌ಕ್ಷೇತ್ರವು ಮೇಲಕ್ಕೆ ಸೆಳೆದು ದ್ರವದಿಂದ ಅನಿಲಕ್ಕೆ ಎತ್ತುವುದು. ಅಲ್ಲಿ ಅವು ಮತ್ತೊಂದು ದೊಡ್ಡ ಮಿನುಗನ್ನು ಹುಟ್ಟಿಸುವುವು. ಇದು ಎರಡನೆಯ ಸಂಕೇತ. ಇವೆರಡರ ನಡುವಣ ಕಾಲದಿಂದ ಘಟನೆಯ ಆಳವೂ, ಎರಡನೆಯ ಮಿನುಗು ಬಿದ್ದ ನಳಿಗೆಗಳಿಂದ ಅದರ ಪಾರ್ಶ್ವಸ್ಥಾನವೂ ತಿಳಿಯುವುವು. ಎರಡು ಸಂಕೇತಗಳ ನಿಷ್ಪತ್ತಿಯಿಂದ ತಾಗಿದ್ದು ಪರಮಾಣುವಿನ ಹೊರಗಣ ಎಲೆಕ್ಟ್ರಾನಿಗೋ ಒಳಗಣ ಬೀಜಕ್ಕೋ ಎಂಬ ಭೇದವೂ ಬಹುಮಟ್ಟಿಗೆ ಗೊತ್ತಾಗುವುದು. ವಿಕಿರಣಶೀಲ ಮಲಿನಾಂಶಗಳ ಕಿರಣಗಳು ಸಾಮಾನ್ಯವಾಗಿ ಎಲೆಕ್ಟ್ರಾನನ್ನೂ, ನ್ಯೂಟ್ರಾನುಗಳೂ ಹುಡುಕಲ್ಪಡುತ್ತಿರುವ ಅಪರಿಚಿತ ಕಣಗಳೂ ಬೀಜವನ್ನೂ ತಾಗುವುವೆಂಬುದರಿಂದ ಈ ಭೇದವು ಮುಖ್ಯವಾದುದು.

೩

ಕಪ್ಪುದ್ರವ್ಯದ ಕಥೆಯು ೧೯೩೩ರಲ್ಲಿ ಫ್ರಿಟ್ಜ್ ಜ್ವಿಕಿಯು ಕೋಮಾ ಎಂಬ ತಾರಾಗಣಸಮೂಹದ ವೇಗಗಳನ್ನು ಲೆಕ್ಕಿಸಿದಂದಿನಿಂದ ಮೊದಲಾಗುವುದು. ೧೯೭೦ರ ದಶಕದಲ್ಲಿ ವೀರಾ ರೂಬಿನ್, ಕೆಂಟ್ ಫೋರ್ಡ್ ಇವರು ಸುರುಳಿಯಾಕಾರದ ತಾರಾಗಣಗಳ ಹೊರಯಂಚು ನಿರೀಕ್ಷೆಗಿಂತ ವೇಗವಾಗಿ ತಿರುಗುವುದನ್ನು ತೋರಿಸಿದರು. ೧೯೮೫ರಲ್ಲಿ ಗುಡ್‌ಮನ್, ವಿಟ್ಟನ್ ಎಂಬಿಬ್ಬರು, ಈ ದ್ರವ್ಯವು ಕಣಮಯವಾಗಿದ್ದರೆ ಅವುಗಳಲ್ಲೊಂದು ಆಗಾಗ ಭೂಮಿಯ ಮೇಲಣ ಪರಮಾಣುಬೀಜಕ್ಕೆ ತಾಗಿ ಅದನ್ನು ಹಿಂದಕ್ಕೆ ತಳ್ಳಬೇಕೆಂದೂ ಆ ಹಿನ್ನೆಗೆತವನ್ನು ಅಳೆಯಬಹುದೆಂದೂ ಪ್ರತಿಪಾದಿಸಿದರು. ಆದರೆ ಹಿನ್ನೆಗೆತದ ಶಕ್ತಿಯು ಕೆಲವು ಕಿಲೋ ಎಲೆಕ್ಟ್ರಾನ್ ವೋಲ್ಟುಗಳಿಂದ ಹತ್ತಾರರವರೆಗೆ ಮಾತ್ರ. ವೈದ್ಯಶಾಲೆಯ ಎಕ್ಸ್ ಕಿರಣದ ಒಂದೊಂದು ಕಣಿಕೆಯಲ್ಲಿಯೂ ಹತ್ತಾರು ಕಿಲೋ ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯಿರುವುದೆಂಬುದನ್ನು ನೆನೆದರೆ ಈ ಅಳತೆಯ ಸೌಕ್ಷ್ಮ್ಯವು ವಾಚಕರಿಗೆ ಮನವರಿಕೆಯಾದೀತು.

ಕಷ್ಟವು ಇಲ್ಲಿಯೇ ಹುಟ್ಟಿತು. ಯಂತ್ರವು ಕಾಣುವುದು ಬೆಳಕನ್ನು, ತಿಳಿಯಬೇಕಾದುದು ಶಕ್ತಿಯನ್ನು. ಬೆಳಕು ಲಿಂಗ, ಶಕ್ತಿಯು ಲಿಂಗಿ. ಇವೆರಡರ ವ್ಯಾಪ್ತಿಯು ಸರಳವಾದುದಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬ ಮಾತಿಗೆ ಹಸಿಯ ಸೌದೆಯ ಸಂಬಂಧವು ಉಪಾಧಿಯೆಂದು ನೈಯಾಯಿಕರು ತೋರಿಸಿರುವರಷ್ಟೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಅದರಂತೆಯೇ ಇಲ್ಲಿ ಸಮಾನವಾದ ಶಕ್ತಿಯು ಎಲೆಕ್ಟ್ರಾನಿಗೆ ಬಂದರೆ ಒಂದು ಪ್ರಮಾಣದ ಬೆಳಕು, ಬೀಜಕ್ಕೆ ಬಂದರೆ ಅದಕ್ಕಿಂತ ಬಹಳ ಕಡಮೆಯ ಬೆಳಕು.

ಇದರ ಕಾರಣವನ್ನು ಡೆನ್ಮಾರ್ಕ್ ದೇಶದ ಯೆನ್ಸ್ ಲಿಂಡ್‌ಹಾರ್ಡ್ ತನ್ನ ಸಂಗಡಿಗರೊಡನೆ ೧೯೬೩ರಲ್ಲಿ ಗಣಿತದಿಂದ ವಿವರಿಸಿದನು. ಹಿನ್ನೆಗೆದ ಕ್ಸೆನಾನ್ ಬೀಜವು ಭಾರವಾದುದು, ನಿಧಾನವಾದುದು. ಅದು ಸುತ್ತಣ ಪರಮಾಣುಗಳನ್ನು ಒಟ್ಟಾಗಿ ತಳ್ಳುತ್ತ ತನ್ನ ಶಕ್ತಿಯ ಬಹುಭಾಗವನ್ನು ಶಾಖವಾಗಿ ಕಳೆದುಕೊಳ್ಳುವುದು. ಕೆಲವು ಕಿಲೋ ಎಲೆಕ್ಟ್ರಾನ್ ವೋಲ್ಟುಗಳ ಪ್ರದೇಶದಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರವೇ ಎಲೆಕ್ಟ್ರಾನುಗಳನ್ನು ಕದಲಿಸಿ ಬೆಳಕಾಗಿಯೂ ವಿದ್ಯುತ್ತಾಗಿಯೂ ಹೊರಬರುವುದು. ಎರಡನೆಯ ಉಪಾಧಿಯು ಪುನಸ್ಸಂಯೋಗ. ಬಿಡುಗಡೆಯಾದ ಎಲೆಕ್ಟ್ರಾನು ತನ್ನ ಅಯಾನನ್ನು ಮರಳಿ ಸೇರಿದರೆ ಬೆಳಕು ಹೆಚ್ಚುವುದು, ವಿದ್ಯುತ್ತು ಕಡಮೆಯಾಗುವುದು. ವಿದ್ಯುತ್‌ಕ್ಷೇತ್ರವು ಅವೆರಡನ್ನೂ ಅಗಲಿಸಿದರೆ ವಿದ್ಯುತ್ತು ಹೆಚ್ಚುವುದು, ಬೆಳಕು ಕುಗ್ಗುವುದು. ಸಣ್ಣ ಘಟನೆಗಳಲ್ಲಿ ಈ ಸಂಯೋಗದ ನಿಯಮವನ್ನು ೧೯೮೭ರಲ್ಲಿ ಥಾಮಸ್, ಇಮೆಲ್ ಎಂಬವರು ಒಂದು ಸೂತ್ರಕ್ಕೆ ತಂದರು.

೪

ಆದರೆ ಗಣಿತವು ಊಹೆಯನ್ನು ಕೊಡಬಲ್ಲುದೇ ಹೊರತು ನಿಶ್ಚಯವನ್ನು ಕೊಡಲಾರದು. ಆದುದರಿಂದ ಪರೀಕ್ಷಕರು ಒಂದು ಒರೆಗಲ್ಲನ್ನು ಗೊತ್ತುಮಾಡಿಕೊಂಡರು. ಕೋಬಾಲ್ಟ್ ೫೭ ಎಂಬ ವಿಕಿರಣಶೀಲ ವಸ್ತುವು ಸೂಸುವ ೧೨೨ ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗ್ಯಾಮಾ ಕಿರಣವು ಕ್ಸೆನಾನಿನಲ್ಲಿ ಪ್ರತಿಯೊಂದು ಶಕ್ತಿಮಾನಕ್ಕೆ ಎಷ್ಟು ಬೆಳಕನ್ನು ಕೊಡುವುದೋ ಅದನ್ನು ಒಂದು ಎಂದಿಟ್ಟುಕೊಂಡು, ಹಿನ್ನೆಗೆದ ಬೀಜವು ಅದರ ಎಷ್ಟನೆಯ ಅಂಶವನ್ನು ಕೊಡುವುದೆಂದು ನೋಡತೊಡಗಿದರು. ಈ ಅಂಶಕ್ಕೆ ಸಾಪೇಕ್ಷ ಮಿನುಗುಸಾಮರ್ಥ್ಯವೆಂದು ಹೆಸರಿಡಬಹುದು.

ಅಳೆಯುವ ವಿಧಾನವು ಸುಂದರವಾದುದು. ಗೊತ್ತಾದ ಶಕ್ತಿಯುಳ್ಳ ನ್ಯೂಟ್ರಾನನ್ನು ಒಂದು ಸಣ್ಣ ಕ್ಸೆನಾನ್ ಪಾತ್ರೆಗೆ ಹೊಡೆಯುವರು. ಅದು ಬೀಜಕ್ಕೆ ತಾಗಿ ಯಾವ ಕೋನದಲ್ಲಿ ಚೆದರಿತೆಂಬುದನ್ನು ದೂರದಲ್ಲಿಟ್ಟ ಮತ್ತೊಂದು ಶೋಧಕದಿಂದ ತಿಳಿಯುವರು. ಗೋಲಿಯಾಟದಲ್ಲಿ ಹೊಡೆದ ಗೋಲಿಯು ತಿರುಗಿದ ದಿಕ್ಕಿನಿಂದ ಹೊಡೆಸಿಕೊಂಡ ಗೋಲಿಯ ವೇಗವನ್ನು ತಿಳಿಯುವಂತೆ, ಕೋನದಿಂದ ಬೀಜಕ್ಕೆ ಸಂದ ಶಕ್ತಿಯು ಬೆಳಕಿನ ನೆರವಿಲ್ಲದೆಯೇ ಲೆಕ್ಕಕ್ಕೆ ಸಿಕ್ಕುವುದು. ಆಗ ಬೆಳಕನ್ನು ಅಳೆದು ಎರಡನ್ನೂ ಹೋಲಿಸುವುದು. ಇದೇ ಮಹಾನಸದಲ್ಲಿ ನಡೆವ ವ್ಯಾಪ್ತಿಗ್ರಹಣವು.

ಇಷ್ಟಾದರೂ ಫಲಗಳು ಒಂದಕ್ಕೊಂದು ಹೊಂದಲಿಲ್ಲ. ೨೦೦೦ದಿಂದ ೨೦೧೦ರವರೆಗೆ ಐರೋಪ್ಯ, ಅಮೆರಿಕನ್ ಪರೀಕ್ಷಾಶಾಲೆಗಳಿಂದ ಒಂದಾದ ಮೇಲೊಂದು ಅಳತೆಗಳು ಹೊರಟುವು. ಹತ್ತು ಕಿಲೋ ಎಲೆಕ್ಟ್ರಾನ್ ವೋಲ್ಟುಗಳ ಮೇಲೆ ಅವುಗಳ ಭೇದವು ಸಹ್ಯವಾಗಿತ್ತು. ಅದಕ್ಕಿಂತ ಕೆಳಗೆ ಮಾತ್ರ ಮತಭೇದವು ಬೆಳೆಯಿತು. ಪೋರ್ಚುಗಲ್ಲಿನ ಕೊಯಿಂಬ್ರದಲ್ಲಿ ೨೦೦೬ರಲ್ಲಿ ನಡೆದ ಅಳತೆಯಂತೆ ಶಕ್ತಿಯು ಇಳಿದಂತೆ ಸಾಮರ್ಥ್ಯವು ಏರಿತು. ೨೦೧೦ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಅಳತೆಯಂತೆ ಅದು ಕುಗ್ಗಿತು. ಇವೆರಡರ ನಡುವೆ, ಇಟಲಿಯ ಗ್ರಾನ್ ಸಾಸ್ಸೊ ಪರ್ವತದ ಕೆಳಗೆ ಕಪ್ಪುದ್ರವ್ಯವನ್ನು ಹುಡುಕಿದ ಕ್ಸೆನಾನ್ ೧೦ ಎಂಬ ಯಂತ್ರದ ಮೊದಲ ವರದಿಯು ೦.೧೯ ಎಂಬ ಒಂದೇ ಅಂಕವನ್ನು ಎಲ್ಲ ಶಕ್ತಿಗಳಿಗೂ ಹಿಡಿದಿದ್ದಿತು. ಒಂದೇ ಗ್ರಂಥದ ಮೂರು ಪ್ರತಿಗಳು ಮೂರು ಪಾಠಗಳನ್ನು ಕೊಟ್ಟಂತಾಯಿತು.

೫

ಪಾಠಭೇದವು ಅರ್ಥಭೇದವನ್ನು ತರುವವರೆಗೆ ಸಂಪಾದಕನು ಸುಮ್ಮನಿರಬಹುದು. ೨೦೧೦ರಲ್ಲಿ ಅರ್ಥಭೇದವೇ ಬಂದಿತು. ಅದಕ್ಕೆ ಮುಂಚೆಯೇ ಗ್ರಾನ್ ಸಾಸ್ಸೊದಲ್ಲಿದ್ದ ಡಾಮಾ ಎಂಬ ಯಂತ್ರದವರು ತಮ್ಮ ಎಣಿಕೆಗಳಲ್ಲಿ ವರ್ಷಕ್ಕೊಮ್ಮೆ ಏರಿಳಿತವಿರುವುದೆಂದೂ ಅದು ಕಪ್ಪುದ್ರವ್ಯದ ಗುರುತೆಂದೂ ಸಾರಿದ್ದರು. ೨೦೧೦ರ ಆರಂಭದಲ್ಲಿ ಅಮೆರಿಕದ ಸೂಡನ್ ಗಣಿಯಲ್ಲಿದ್ದ ಕೋಜೆಂಟ್ ಎಂಬ ಜರ್ಮೇನಿಯಮ್ ಯಂತ್ರದವರು ಅಲ್ಪಶಕ್ತಿಯಲ್ಲಿ ಹೆಚ್ಚಿನ ಎಣಿಕೆಗಳನ್ನು ಕಂಡು, ಪ್ರೋಟಾನಿನ ಹತ್ತುಪಾಲಿನಷ್ಟು ತೂಕದ ಹಗುರ ಕಣವೊಂದು ಇದ್ದಿರಬಹುದೆಂದು ಸೂಚಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಎಲೆನಾ ಅಪ್ರಿಲೆಯ ನಾಯಕತ್ವದ ಕ್ಸೆನಾನ್ ೧೦೦ ಸಂಘವು ಸುಮಾರು ಹನ್ನೊಂದು ದಿನಗಳ ವೀಕ್ಷಣದಲ್ಲಿ ಒಂದು ಘಟನೆಯನ್ನೂ ಕಾಣದೆ, ಅಂಥ ಕಣವಿದ್ದಿದ್ದರೆ ತಮ್ಮ ಯಂತ್ರದಲ್ಲಿ ಕಾಣಬೇಕಾಗಿತ್ತೆಂದು ಪ್ರಕಟಿಸಿತು.

ಕಾಣಬೇಕಾಗಿತ್ತೆ? ಕೊಲ್ಲಾರ್, ಮೆಕ್ಕಿನ್ಸಿ ಎಂಬ ಇಬ್ಬರು ಭೌತಶಾಸ್ತ್ರಜ್ಞರು ಕೂಡಲೆ ಆಕ್ಷೇಪವನ್ನೆತ್ತಿದರು. ಹಗುರವಾದ ಕಣವು ಭಾರವಾದ ಕ್ಸೆನಾನ್ ಬೀಜಕ್ಕೆ ತಾಗಿದರೆ ಹಿನ್ನೆಗೆತವು ಕೆಲವೇ ಕಿಲೋ ಎಲೆಕ್ಟ್ರಾನ್ ವೋಲ್ಟು. ಆ ಪ್ರದೇಶದಲ್ಲಿ ಮಿನುಗುಸಾಮರ್ಥ್ಯವನ್ನು ಯಾರೂ ಅಳೆದಿಲ್ಲ. ಮೇಲಿನ ಅಂಕವನ್ನೇ ಕೆಳಕ್ಕೂ ಎಳೆದುಕೊಳ್ಳುವುದು ಅನ್ಯಾಯ. ಬೀಜವು ಅತಿ ನಿಧಾನವಾದರೆ ಎಲೆಕ್ಟ್ರಾನುಗಳನ್ನು ಕದಲಿಸಲಾರದೆ ಬೆಳಕು ಬಹಳವಾಗಿ ಕುಗ್ಗಿಹೋಗಬಹುದು ಎಂಬುದು ಅವರ ಪೂರ್ವಪಕ್ಷದ ಸಾರ. ಬೆಳಕು ಇಲ್ಲದಿದ್ದರೆ ಯಂತ್ರವು ಕತ್ತಲೆಯಲ್ಲಿ ಗಡಿಗೆಯನ್ನು ಹುಡುಕಿದಂತಾಗುವುದಷ್ಟೆ. ಆಕ್ಷೇಪವು ಯಂತ್ರದ ಮೇಲೂ ಅಲ್ಲ, ಎಣಿಕೆಯ ಮೇಲೂ ಅಲ್ಲ. ಅನುಪಲಬ್ಧಿಯ ಯೋಗ್ಯತೆಯ ಮೇಲೆ. ಆದುದರಿಂದಲೇ ಅದು ಬಲವಾದ ಆಕ್ಷೇಪವಾಗಿದ್ದಿತು, ಮತ್ತು ವಾದದಿಂದಲ್ಲದೆ ಅಳತೆಯಿಂದಲೇ ಅದನ್ನು ಪರಿಹರಿಸಬೇಕಾಗಿದ್ದಿತು.

ಆ ಅಳತೆಯು ೨೦೧೧ರಲ್ಲಿ ಬಂದಿತು. ಕೊಲಂಬಿಯದಲ್ಲಿ ಪ್ಲಾಂಟ್ ಮತ್ತು ಆತನ ಸಹೋದ್ಯೋಗಿಗಳು ಬೆಳಕನ್ನು ಎಲ್ಲ ದಿಕ್ಕುಗಳಿಂದಲೂ ಕೂಡಿಸುವ ಸಣ್ಣ ಪಾತ್ರೆಯೊಂದನ್ನು ರಚಿಸಿ, ೩ ಕಿಲೋ ಎಲೆಕ್ಟ್ರಾನ್ ವೋಲ್ಟಿನವರೆಗೆ ಇಳಿದರು. ಅಲ್ಲಿ ಸಾಮರ್ಥ್ಯವು ಸುಮಾರು ೦.೦೮೮ ಎಂದು ಕಂಡುಬಂದಿತು. ಶಕ್ತಿಯು ಇಳಿದಂತೆ ಅದು ಇಳಿಯುವುದು. ಆದರೆ ಮೆಲ್ಲಮೆಲ್ಲನೆ ಇಳಿಯುವುದು, ಹಠಾತ್ತಾಗಿ ಅಳಿಯುವುದಿಲ್ಲ. ಹೀಗೆ, ಅಂಕವು ಎಲ್ಲೆಲ್ಲಿಯೂ ಒಂದೇ ಎಂಬ ಮತವೂ ಕೆಳಗೆ ಬೆಳಕೇ ಇಲ್ಲದಿರಬಹುದೆಂಬ ಶಂಕೆಯೂ ಏಕಕಾಲದಲ್ಲಿ ನಿರಸ್ತವಾದುವು. ಕೋಜೆಂಟ್ ಕಂಡ ಎಣಿಕೆಗಳಲ್ಲಿ ಬಹುಭಾಗವು ಹರಳಿನ ಮೇಲ್ಮೈಯಲ್ಲಿ ನಡೆದ ಘಟನೆಗಳೆಂದು ಮುಂದಿನ ವಿಮರ್ಶೆಗಳು ತೋರಿಸಿದುವು.

೬

ಇಷ್ಟರಿಂದ ವಿಚಾರವು ಮುಗಿಯಲಿಲ್ಲ. ಸಣ್ಣ ಪಾತ್ರೆಯಲ್ಲಿ ಗ್ರಹಿಸಿದ ವ್ಯಾಪ್ತಿಯು ಗಣಿಯಲ್ಲಿರುವ ದೊಡ್ಡ ಯಂತ್ರಕ್ಕೆ ಹಾಗೆಯೇ ಅನ್ವಯಿಸುವುದೆ? ಒಬ್ಬ ಲಿಪಿಕಾರನ ಹಸ್ತದೋಷಗಳನ್ನು ಮತ್ತೊಬ್ಬನ ಓಲೆಯಿಂದ ತಿಳಿಯಲಾಗದು. ಅವನದೇ ಓಲೆಯಲ್ಲಿ, ಪಾಠವು ಬೇರೆ ಕಡೆಯಿಂದ ನಿಶ್ಚಿತವಾಗಿರುವ ಸ್ಥಳಗಳನ್ನು ನೋಡಬೇಕು. ಆ ಕಾರ್ಯವನ್ನು ಅಮೆರಿಕದ ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಎಂಬ ಹಳೆಯ ಚಿನ್ನದ ಗಣಿಯಲ್ಲಿ, ನೆಲಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ಕೆಳಗೆ, ೩೭೦ ಕಿಲೋಗ್ರಾಂ ಕ್ಸೆನಾನಿನಿಂದ ಕೂಡಿದ್ದ ಲಕ್ಸ್ ಎಂಬ ಯಂತ್ರದವರು ಮಾಡಿದರು. ೨೦೧೦ರಲ್ಲಿ ಆಕ್ಷೇಪವನ್ನೆತ್ತಿದ ಮೆಕ್ಕಿನ್ಸಿಯೇ ಗೇಟ್ಸ್‌ಕೆಲ್ ಎಂಬಾತನೊಡನೆ ಈ ಸಂಘದ ಮುಖಂಡನಾಗಿದ್ದುದು ಗಮನಾರ್ಹವಾಗಿದೆ. ಪೂರ್ವಪಕ್ಷವನ್ನು ಹೂಡಿದವನೇ ಸಿದ್ಧಾಂತಪಕ್ಷದ ಭಾರವನ್ನೂ ಹೊತ್ತನು.

೨೦೧೩ರ ಶರತ್ಕಾಲದಲ್ಲಿ ಈ ಯಂತ್ರದ ಸುತ್ತಣ ನೀರಿನ ತೊಟ್ಟಿಯ ಮೂಲಕ ಗಾಳಿ ತುಂಬಿದ ಒಂದು ಕೊಳವೆಯನ್ನು ಹಾಯಿಸಿ, ಡ್ಯೂಟೀರಿಯಮ್ ಬೀಜಗಳ ಸಂಯೋಗದಿಂದ ಹುಟ್ಟುವ ನ್ಯೂಟ್ರಾನುಗಳನ್ನು ಒಳಕ್ಕೆ ಬಿಟ್ಟರು. ಅವುಗಳ ಶಕ್ತಿಯು ೨.೪೫ ಮಿಲಿಯನ್ ಎಲೆಕ್ಟ್ರಾನ್ ವೋಲ್ಟು. ಒಂದೇ ನ್ಯೂಟ್ರಾನು ಕ್ಸೆನಾನಿನೊಳಗೆ ಎರಡು ಕಡೆ ತಾಗಿದ ಘಟನೆಗಳನ್ನು ಆರಿಸಿಕೊಂಡರೆ, ಆ ಎರಡು ಸ್ಥಾನಗಳನ್ನು ಕೂಡಿಸುವ ಗೆರೆಯಿಂದಲೇ ಚೆದರಿದ ಕೋನವು ತಿಳಿಯುವುದು. ಹೊರಗಿನ ಶೋಧಕವು ಬೇಡ. ಬೀಜವು ನ್ಯೂಟ್ರಾನಿಗಿಂತ ನೂರಮೂವತ್ತು ಪಾಲು ಭಾರವಾದುದರಿಂದ ನೇರವಾಗಿ ತಾಗಿದರೂ ಅದಕ್ಕೆ ಸಲ್ಲುವುದು ನ್ಯೂಟ್ರಾನಿನ ಶಕ್ತಿಯಲ್ಲಿ ನೂರಕ್ಕೆ ಮೂರರಷ್ಟು, ಎಂದರೆ ೭೪ ಕಿಲೋ ಎಲೆಕ್ಟ್ರಾನ್ ವೋಲ್ಟು. ಓರೆಯಾಗಿ ತಾಗಿದರೆ ಬಹಳ ಕಡಮೆ. ಹೀಗೆ ವಿದ್ಯುತ್ತಿನ ಪ್ರಮಾಣವನ್ನು ೦.೭ ಕಿಲೋ ಎಲೆಕ್ಟ್ರಾನ್ ವೋಲ್ಟಿನವರೆಗೂ ಬೆಳಕಿನ ಪ್ರಮಾಣವನ್ನು ೧.೧ರವರೆಗೂ ಅಳೆದರು.

ಇದಕ್ಕೆ ಮುಂಚೆ ಪ್ರಕಟವಾಗಿದ್ದ ಲಕ್ಸ್ ಸಂಘದ ಮೊದಲ ಫಲಿತಾಂಶವು ೩ ಕಿಲೋ ಎಲೆಕ್ಟ್ರಾನ್ ವೋಲ್ಟಿಗಿಂತ ಕೆಳಗೆ ಯಾವ ಸಂಕೇತವೂ ಹುಟ್ಟುವುದಿಲ್ಲವೆಂದೇ ಭಾವಿಸಿದ್ದಿತು. ಅಳೆಯದ ಪ್ರದೇಶದಲ್ಲಿ ತನ್ನ ಯಂತ್ರವು ಕುರುಡೆಂದು ಒಪ್ಪಿಕೊಳ್ಳುವ ಈ ವಿನಯವು ೨೦೧೦ರ ವಾದದ ಫಲವೆಂದು ಹೇಳಿದರೆ ತಪ್ಪಾಗಲಾರದು. ಅಳತೆಯಾದ ಮೇಲೆ, ೨೦೧೫ರ ಕೊನೆಯಲ್ಲಿ, ಅವರು ತಮ್ಮ ಹಳೆಯ ವೀಕ್ಷಣಗಳನ್ನು ಮತ್ತೆ ವಿಮರ್ಶಿಸಿ ಆ ಎಲ್ಲೆಯನ್ನು ೧.೧ಕ್ಕೆ ಇಳಿಸಿದರು. ಹಗುರ ಕಣಗಳ ವಿಷಯದಲ್ಲಿ ಯಂತ್ರದ ದೃಷ್ಟಿಯು ಬಹಳವಾಗಿ ವಿಸ್ತರಿಸಿತು.

೭

ಬೀಜದ ಹಿನ್ನೆಗೆತವನ್ನು ತಿಳಿದರೆ ಸಾಲದು; ಅದರಿಂದ ಬೇರ್ಪಡಿಸಬೇಕಾದ ಎಲೆಕ್ಟ್ರಾನ್ ಘಟನೆಗಳನ್ನೂ ಅಷ್ಟೇ ಚೆನ್ನಾಗಿ ತಿಳಿಯಬೇಕು. ಹೊರಗಿನಿಂದ ಬಿಟ್ಟ ಅಲ್ಪಶಕ್ತಿಯ ಕಿರಣಗಳನ್ನು ದಟ್ಟವಾದ ದ್ರವವೇ ಅಂಚಿನಲ್ಲಿ ತಡೆಯುವುದರಿಂದ ಅವು ಮಧ್ಯಕ್ಕೆ ಮುಟ್ಟಲಾರವು. ಆದುದರಿಂದ ಲಕ್ಸ್ ಸಂಘದವರು ಟ್ರಿಟಿಯಮ್ ಸೇರಿದ ಮೀಥೇನ್ ಅನಿಲವನ್ನು ಕ್ಸೆನಾನಿನಲ್ಲಿಯೇ ಬೆರಸಿದರು. ಟ್ರಿಟಿಯಮ್ ಸೂಸುವ ಎಲೆಕ್ಟ್ರಾನುಗಳ ಶಕ್ತಿಯು ಸೊನ್ನೆಯಿಂದ ೧೮.೬ ಕಿಲೋ ಎಲೆಕ್ಟ್ರಾನ್ ವೋಲ್ಟಿನವರೆಗೆ ಹರಡಿದೆ. ಬೇಕಾದ ಪ್ರದೇಶವೂ ಇದೇ. ಟ್ರಿಟಿಯಮ್ಮಿನ ಅರ್ಧಾಯುಷ್ಯವು ೧೨ ವರ್ಷಗಳಿಗಿಂತ ಹೆಚ್ಚಾದುದರಿಂದ ಅದು ಉಳಿದುಬಿಟ್ಟರೆ ಯಂತ್ರವೇ ಕೆಡುವುದು. ಕಾಯಿಸಿದ ಲೋಹದ ಶೋಧನಯಂತ್ರವು ಮೀಥೇನನ್ನು ಹೀರಿ ತೆಗೆಯಬಲ್ಲುದೆಂಬುದನ್ನು ಮುಂಚೆಯೇ ಪರೀಕ್ಷಿಸಿ ನಿಶ್ಚಯಿಸಿಕೊಂಡ ಬಳಿಕವೇ ಈ ಸಾಹಸಕ್ಕೆ ಕೈಹಾಕಿದರು.

ಅನಂತರ ಅಳತೆಯು ಇನ್ನೂ ಕೆಳಕ್ಕೆ ಇಳಿಯಿತು. ೨೦೧೯ರಲ್ಲಿ ಕ್ಯಾಲಿಫೋರ್ನಿಯದ ಲಿವರ್‌ಮೋರ್ ಪರೀಕ್ಷಾಶಾಲೆಯಲ್ಲಿ ಒಂದೊಂದು ಎಲೆಕ್ಟ್ರಾನನ್ನೂ ಎಣಿಸಬಲ್ಲ ಯಂತ್ರದಿಂದ ಬೀಜದ ಹಿನ್ನೆಗೆತವನ್ನು ೦.೩ ಕಿಲೋ ಎಲೆಕ್ಟ್ರಾನ್ ವೋಲ್ಟಿನವರೆಗೆ ಪರೀಕ್ಷಿಸಿದರು. ಇಂಥ ಎಲ್ಲ ಅಳತೆಗಳನ್ನೂ ಒಂದು ಗಣಿತಚೌಕಟ್ಟಿನಲ್ಲಿ ಕೂಡಿಸುವ ನೆಸ್ಟ್ ಎಂಬ ಸಂಕಲನವು ೨೦೧೧ರಿಂದ ಬೆಳೆಯುತ್ತ ಬಂದಿದೆ. ನಿಘಂಟುಕಾರನು ಪ್ರಯೋಗಗಳನ್ನು ಕೂಡಿಸಿ ಅರ್ಥವನ್ನು ನಿಶ್ಚಯಿಸುವ ಕ್ರಮವನ್ನು ಇದು ಹೋಲುವುದು.

ಆದರೂ ಎಲ್ಲವೂ ಇತ್ಯರ್ಥವಾಗಿಲ್ಲ. ಬೆಳಕಿನ ಒಂದು ಕಣಿಕೆಯನ್ನಾಗಲಿ ಒಂದು ಎಲೆಕ್ಟ್ರಾನನ್ನಾಗಲಿ ಹುಟ್ಟಿಸಲು ಸರಾಸರಿಯಲ್ಲಿ ಬೇಕಾದ ಶಕ್ತಿಯು ೧೩.೭ ಎಲೆಕ್ಟ್ರಾನ್ ವೋಲ್ಟೆಂದು ೨೦೦೯ರಿಂದ ಗ್ರಹಿಸಿದ್ದರು. ಎಕ್ಸೋ ೨೦೦ ಎಂಬ ಸಂಘವು ಪ್ರಕಟಿಸಿದ ಅಳತೆಯೂ ೨೦೨೧ರಲ್ಲಿ ಜ್ಯೂರಿಕ್‌ನಲ್ಲಿ ನಡೆದ ಸ್ವತಂತ್ರವಾದ ಅಳತೆಯೂ ಅದನ್ನು ೧೧.೫ ಎಂದು ಹೇಳಿದುವು. ನೂರಕ್ಕೆ ಹದಿನಾರರಷ್ಟಾದ ಈ ಅಂತರವು ಮೂಲಮಾನವನ್ನೇ ಮುಟ್ಟುವುದರಿಂದ ಅಲ್ಪವೆಂದು ಕಡೆಗಣಿಸತಕ್ಕದ್ದಲ್ಲ.

೮

ನೆಲದಾಳದಲ್ಲಿ ಕುಳಿತು ಅಪೂರ್ವವಾದ ಕಣಗಳನ್ನು ಕಾಯುವ ಪದ್ಧತಿಯು ಕನ್ನಡನಾಡಿಗೆ ಹೊಸದಲ್ಲ. ಆಗಿನ ಮೈಸೂರು ರಾಜ್ಯದ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ೧೯೬೫ರಲ್ಲಿ ಭಾರತೀಯ, ಜಪಾನೀಯ, ಆಂಗ್ಲ ವಿದ್ವಾಂಸರು ಕೂಡಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಕಾರ್ಯವನ್ನು ಕಂಡರು. ಮೇಲಿನಿಂದ ಸುರಿಯುವ ವಿಶ್ವಕಿರಣಗಳನ್ನು ಬಂಡೆಯು ತಡೆಯುವುದೆಂಬ ಅದೇ ಕಾರಣದಿಂದ ಇಂದಿನ ಕ್ಸೆನಾನ್ ಯಂತ್ರಗಳೂ ಗಣಿಗಳನ್ನೂ ಪರ್ವತಗಳನ್ನೂ ಆಶ್ರಯಿಸಿರುವುವು. ಮತ್ತು ಅದೇ ನ್ಯೂಟ್ರಿನೋ ಈಗ ಈ ಯಂತ್ರಗಳ ಬಾಗಿಲಿಗೂ ಬಂದಿರುವುದು.

ನ್ಯೂಟ್ರಿನೋ ಒಂದು ಬೀಜವನ್ನು ಒಟ್ಟಾಗಿ ತಾಗಿ ಮೆಲ್ಲನೆ ತಳ್ಳಬಲ್ಲುದೆಂದು ಫ್ರೀಡ್‌ಮನ್ ೧೯೭೪ರಲ್ಲಿ ಊಹಿಸಿದ್ದನು. ೨೦೧೭ರಲ್ಲಿ ಅದು ಬೇರೊಂದು ವಸ್ತುವಿನಲ್ಲಿ ಮೊದಲು ಪ್ರತ್ಯಕ್ಷವಾಯಿತು. ಸೂರ್ಯನ ಗರ್ಭದಲ್ಲಿ ಬೋರಾನ್ ೮ ಎಂಬ ಬೀಜದಿಂದ ಹೊರಡುವ ನ್ಯೂಟ್ರಿನೋಗಳು ಕ್ಸೆನಾನ್ ಬೀಜಕ್ಕೆ ಕೊಡುವ ಹಿನ್ನೆಗೆತವು ಸುಮಾರು ಒಂದು ಕಿಲೋ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನದು. ೨೦೨೪ರಲ್ಲಿ ಗ್ರಾನ್ ಸಾಸ್ಸೊದ ಕ್ಸೆನಾನ್ ಎನ್‌ಟಿ ಸಂಘವೂ ಚೀನದ ಜಿನ್‌ಪಿಂಗ್ ಪರ್ವತದ ಪಾಂಡಾ ಎಕ್ಸ್ ಸಂಘವೂ ಇದರ ಮೊದಲ ಸುಳಿವುಗಳನ್ನು ಪ್ರಕಟಿಸಿದುವು. ಅವು ನಿಸ್ಸಂಶಯವಾದ ಆವಿಷ್ಕಾರವೆಂದು ಹೇಳುವಷ್ಟು ಬಲವುಳ್ಳವಾಗಿರಲಿಲ್ಲ. ಆದರೂ ಸಂಯೋಗವಶದಿಂದ ಬಂದುವೆನ್ನುವುದೂ ಕಷ್ಟವಾಗಿದ್ದಿತು. ಲಕ್ಸ್ ಮೊದಲು ಕುರುಡೆಂದು ಒಪ್ಪಿಕೊಂಡಿದ್ದ ಪ್ರದೇಶವೇ ಇದೆಂಬುದು ಇಲ್ಲಿ ಸ್ಮರಣೀಯ. ಸೂರ್ಯನ ನ್ಯೂಟ್ರಿನೋಗಳ ಪ್ರವಾಹವು ಬೇರೆ ಮಾರ್ಗಗಳಿಂದ ತಿಳಿದಿರುವುದರಿಂದ, ಈ ಘಟನೆಗಳು ಯಂತ್ರಕ್ಕೆ ಪ್ರಕೃತಿಯೇ ಒದಗಿಸಿದ ಪರೀಕ್ಷೆಯಾಗುವುವು. ಇದ್ದುದು ಕಾಣುವುದಾದರೆ, ಕಾಣದುದು ಇಲ್ಲವೆನ್ನುವ ಮಾತಿಗೆ ಅಷ್ಟರಮಟ್ಟಿಗೆ ಬೆಲೆ ಬರುವುದು. ಇದರಲ್ಲಿ ಒಂದು ತೊಡಕೂ ಉಂಟು. ನ್ಯೂಟ್ರಿನೋಗಳ ಹಿನ್ನೆಗೆತವು ಹಗುರವಾದ ಕಪ್ಪುದ್ರವ್ಯಕಣದ ಹಿನ್ನೆಗೆತವನ್ನೇ ಹೋಲುವುದರಿಂದ, ಮುಂದೆ ಇವೆರಡನ್ನೂ ಬೇರ್ಪಡಿಸುವವರಿಗೆ ಈ ಅಳತೆಗಳಲ್ಲಿ ಇನ್ನೂ ಹೆಚ್ಚಿನ ನಿಷ್ಕರ್ಷೆಯು ಬೇಕಾಗುವುದು.

ಈ ಚರಿತ್ರೆಯಿಂದ ನಿಷ್ಪನ್ನವಾಗುವ ಅರ್ಥವು ಇಷ್ಟು. ಕಪ್ಪುದ್ರವ್ಯವು ಕ್ಸೆನಾನಿನಲ್ಲಿ ಇದುವರೆಗೆ ಕಂಡಿಲ್ಲವೆಂಬ ಮಾತು ಇಂದು ಬರಿಯ ಅಜ್ಞಾನವನ್ನು ಸೂಚಿಸುವ ಮಾತಲ್ಲ; ಎಷ್ಟು ತೂಕದ, ಎಷ್ಟು ಬಲದಿಂದ ತಾಗುವ ಕಣವು ಇಲ್ಲವೆಂಬುದನ್ನು ಎಲ್ಲೆಸಹಿತವಾಗಿ ಹೇ­ಳುವ ಪ್ರಮಾಣವಾಕ್ಯವಾಗಿದೆ. ಅದಕ್ಕೆ ಆ ಪ್ರಾಮಾಣ್ಯವನ್ನು ತಂದುಕೊಟ್ಟುದು ಹೊಸ ಕಣದ ಆವಿಷ್ಕಾರವಲ್ಲ, ಇರುವ ಕಣಗಳಿಂದ ಯಂತ್ರವನ್ನೇ ಮತ್ತೆ ಮತ್ತೆ ಪರೀಕ್ಷಿಸಿದ ತಾಳ್ಮೆ. ಎಲ್ಲಿಯವರೆಗೆ ಅಳೆದಿದೆಯೋ ಅಲ್ಲಿಯವರೆಗೆ ಹಗಲು. ಅದಕ್ಕಿಂತ ಕೆಳಗೆ ಇನ್ನೂ ಕತ್ತಲೆ. ಇವೆರಡರ ಗಡಿಯನ್ನು ಗುರುತಿಸಿ ಹೇಳುವುದು ಪ್ರಮಾಣಶಾಸ್ತ್ರದ ಧರ್ಮವಾಗಿದ್ದಂತೆ ಭೌತಶಾಸ್ತ್ರದ ಧರ್ಮವೂ ಆಗಿರುವುದು.